ಹದಿನೈದು, ಖಾತ್ರಿ

ಆಪರೇಷನ್ ಥಿಯೇಟರಿನಲ್ಲಿ ಬಟ್ಟೆ ಎಣಿಸುತ್ತಿರುವ ನರ್ಸನ್ನು ಯಾರೂ ಮಾತನಾಡಿಸಬಾರದು ಎಂಬುದು ನಿಯಮ. ಮಾತನಾಡಿಸದೆ ಸುಮ್ಮನಿದ್ದವರನ್ನು ನನ್ನ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ನೋಡಿಲ್ಲ. ಒಬ್ಬರಿಗೆ ದಾರ ಬೇಕು, ಇನ್ನೊಬ್ಬರಿಗೆ ದೀಪ ಸ್ವಲ್ಪ ಎಡಕ್ಕೆ ಬೇಕು, ಅರಿವಳಿಕೆಯ ಡಾಕ್ಟರಿಗೆ ರಕ್ತ ಬಂತೋ ಇಲ್ಲವೋ ಎಂದು ಆ ಗಳಿಗೆಯಲ್ಲೇ ತಿಳಿಯಬೇಕು.

ಹೊಟ್ಟೆಯ ಆಪರೇಷನ್ನಿನಲ್ಲಿ ರಕ್ತ ಹೀರಲು ಒಳಗೆ ಇಡುವ ಅಂಗೈ ಅಗಲದ ಬಟ್ಟೆಗೆ ನಾವು ಮಾಪ್ ಎನ್ನುತ್ತೇವೆ. ನೆನೆದ ಮೇಲೆ ಅದು ಕರುಳಿನ ಪಕ್ಕದಲ್ಲಿ ಕರುಳಿನಂತೆಯೇ ಕೂತುಬಿಡುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಶುರುವಿನಲ್ಲಿ ಎಷ್ಟಿವೆ ಎಂದು ಎಣಿಸಬೇಕು. ಹೊಟ್ಟೆ ಹೊಲಿಯುವ ಮುನ್ನ ಅಷ್ಟೂ ಹೊರಗೆ ಬಂದಿವೆಯೇ ಎಂದು ಮತ್ತೆ ಎಣಿಸಬೇಕು. ಇಬ್ಬರು ನರ್ಸುಗಳು ಗಟ್ಟಿಯಾಗಿ, ಜೊತೆಯಾಗಿ ಎಣಿಸಬೇಕು. ನಡುವೆ ಯಾರಾದರೂ ಬಾಯಿ ಹಾಕಿದರೆ ಎಲ್ಲಿದ್ದೆವು ಎಂದು ನೆನಪಿಸಿಕೊಳ್ಳುವಂತಿಲ್ಲ, ಮತ್ತೆ ಒಂದರಿಂದ. ಕೊನೆಗೆ ಒಬ್ಬಳು "ಖಾತ್ರಿ?" ಎಂದು ಕೇಳಬೇಕು, ಇನ್ನೊಬ್ಬಳು "ಖಾತ್ರಿ" ಎಂದ ಮೇಲೆಯೇ ಸರ್ಜನ್ ಸೂಜಿ ಹಿಡಿಯುವುದು. ಈ ಕೊನೆಯ ಪದ್ಧತಿ ಯಾವ ಪುಸ್ತಕದಲ್ಲೂ ಇರಲಿಲ್ಲ. ಗದಗಿನ ನಮ್ಮ ಆಸ್ಪತ್ರೆಯಲ್ಲಿ ನಾನೂ ಮಾಲಾ ಜಮಖಂಡಿಯೂ ಸೇರಿ ಮಾಡಿಕೊಂಡದ್ದು ಅದು.

ಒಂಬತ್ತು ವರ್ಷ ನನ್ನ ದನಿಗೆ ದನಿ ಕೂಡಿಸಿದವಳು ಮಾಲಾ. ನನ್ನ ಹೆರಿಗೆಯಲ್ಲಿ ನನ್ನ ಕೈ ಹಿಡಿದು ನಿಂತಿದ್ದಳು. ಅವಳ ಗಂಡ ಬಿಟ್ಟುಹೋದಾಗ ನಾಲ್ಕು ತಿಂಗಳು ನಮ್ಮ ಮನೆಯಲ್ಲೇ ಇದ್ದಳು. ಅವಳಿಗೆ ಓದುವ ಹುಚ್ಚು. ಡ್ಯೂಟಿ ಮುಗಿಸಿ ಬಂದು ಪುಸ್ತಕ ಹಿಡಿದು ಕೂತು, ಪರೀಕ್ಷೆಯ ಮೇಲೆ ಪರೀಕ್ಷೆ ಪಾಸು ಮಾಡಿ, ಕೊನೆಗೆ ಮೆದುಳಿನ ಮೇಲೆ ಡಾಕ್ಟರೇಟ್ ಮಾಡಿ ಹುಬ್ಬಳ್ಳಿಯ ಒಂದು ಉಪಕರಣ ಕಂಪನಿಗೆ ಸೇರಿದಳು. ಕೈ ರೂಢಿಯ ಕೆಲಸ ಮಾಡುತ್ತಿರುವಾಗ ಅಡ್ಡಿ ಬಂದರೆ ಗಮನ ಎಲ್ಲಿಗೆ ಹೋಗುತ್ತದೆ, ಹೇಗೆ ತಿರುಗಿ ಬರುತ್ತದೆ ಎಂಬುದೇ ಅವಳ ಸಂಶೋಧನೆ. ನಮ್ಮ ಥಿಯೇಟರಿನಿಂದಲೇ ಎದ್ದ ಪ್ರಶ್ನೆ ಅದು. ನನಗೆ ಹೆಮ್ಮೆಯಾಗಿತ್ತು, ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಒಂದು ದಿನ ಅವಳು ನನ್ನನ್ನು ಲ್ಯಾಬಿಗೆ ಕರೆಸಿಕೊಂಡಳು. ತಲೆಗೆ ವೈರುಗಳಿದ್ದ ಟೊಪ್ಪಿಗೆ ಹಾಕಿ, ಮುಂದೆ ಒಂದು ಟ್ರೇಯಲ್ಲಿ ಮಾಪುಗಳನ್ನು ಇಟ್ಟಳು. ಇಡೀ ದಿನ ನಾನು ಎಣಿಸಿದೆ, ಅವಳು ಅಡ್ಡಿ ಮಾಡಿದಳು. ಗಂಟೆ ಬಾರಿಸಿದಳು, ಕೂಸು ಅಳುವ ಸದ್ದು ಕೇಳಿಸಿದಳು, ಒಮ್ಮೆ ನನ್ನ ಗಂಡನಿಂದಲೇ ಫೋನ್ ಮಾಡಿಸಿದಳು.

"ಏನ್ ಹುಡುಕಾಕತ್ತೀಯವಾ?" ಎಂದು ಕೇಳಿದೆ.

"ನೋಡು ಕಸ್ತೂರಿ, ರೂಢಿ ಕೆಲಸದಾಗ ಗಮನ ಅರ್ಧ ನಿದ್ದಿ ಮಾಡ್ತಿರತೈತಿ. ಯಾರರ ಕರದ್ರ ಗಕ್ಕನ ಎದ್ದು ಆ ಕಡೆ ಓಡತೈತಿ. ವಾಪಸ್ ಬಂದಾಗ ತಾ ಎಲ್ಲಿ ಕುಂತಿದ್ದೆ ಅನ್ನೋದು ಅದಕ್ಕ ತಿಳಿಯೂದಿಲ್ಲ."

"ಮತ್ತ ನೀ ಏನ್ ಮಾಡ್ತಿ?"

"ಬಸ್ಸಿನ್ಯಾಗ ಸೀಟಿಗೆ ಟವೆಲ್ ಹಾಕಿ ಇಳಿತಾರಲ್ಲ, ಹಂಗ. ನಿನ್ನ ಗಮನ ಎದ್ದು ಹೋಗೂ ಮೊದಲ ಅದರ ಜಾಗದಾಗ ಟವೆಲ್ ಹಾಕಿ ಇಡ್ತೀನಿ."

ಪ್ರತಿ ಎಣಿಕೆಯ ಕೊನೆಗೂ ಅವಳು "ಖಾತ್ರಿ?" ಎಂದು ಕೇಳುತ್ತಿದ್ದಳು. ನಾನು "ಖಾತ್ರಿ" ಎನ್ನುತ್ತಿದ್ದೆ. ಹಳೆಯ ದಿನಗಳ ಪ್ರೀತಿಗೆ ಕೇಳುತ್ತಿದ್ದಾಳೆ ಎಂದುಕೊಂಡೆ. ಕಣ್ಣು ತುಂಬಿ ಬಂದಿತ್ತು ಕೂಡ.

ವರ್ಷ ಕಳೆಯುವಷ್ಟರಲ್ಲಿ ಉಪಕರಣ ಬಂತು. ಹೆಸರು ಕೊಂಡಿ. ಅಂಗಿಯ ಗುಂಡಿಯಷ್ಟು ಗಾತ್ರ, ಕಿವಿಯ ಹಿಂದೆ ಅಂಟಿಸಿಕೊಳ್ಳಬೇಕು. ಅಡ್ಡಿ ಬಂದ ಕ್ಷಣದ ಮೆದುಳಿನ ಸ್ಥಿತಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ನೀವು ಕೆಲಸಕ್ಕೆ ಮರಳಿದೊಡನೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಅದೇ ಸ್ಥಿತಿಯನ್ನು ಮರಳಿಸುತ್ತದೆ ಎಂದು ಬರೆದಿತ್ತು. ಮೊದಲ ದಿನ ನಾನು ಎಂಟು ಎನ್ನುವಾಗ ಸರ್ಜನ್ ಡಾ. ಅಬ್ಬಿಗೇರಿಯವರು ಕತ್ತರಿ ಕೇಳಿದರು. ಕೊಟ್ಟು ತಿರುಗಿದೆ. ಕಿವಿಯ ಹಿಂದೆ ಇರುವೆ ಕಚ್ಚಿದಂತೆ ಆಯಿತು, ಬಾಯಲ್ಲಿ "ಒಂಬತ್ತು" ತಾನಾಗಿ ಬಂತು. ಅನುಮಾನದ ಎಳೆಯೂ ಇಲ್ಲ. ಐದು ಸಲ ಒಂದರಿಂದ ಶುರು ಮಾಡುತ್ತಿದ್ದುದು ಒಂದೇ ಸಲಕ್ಕೆ ಮುಗಿಯಿತು.

"ಏನ್ ಜಾದೂ ಮಾಡ್ಯಾರ್ರೀ ಸಿಸ್ಟರ್ ನಿಮ್ಮ ಗೆಳತಿ!" ಎಂದರು ಅಬ್ಬಿಗೇರಿ ಸರ್.

ಆಮೇಲೆ ಎರಡನೆಯ ದನಿ ಬೇಡವಾಯಿತು. ಕೊಂಡಿ ಇದ್ದರೆ ಒಬ್ಬ ನರ್ಸ್ ಸಾಕು ಎಂದು ಆಡಳಿತದವರು ಹೇಳಿದರು. "ಅಡ್ಡಿಯಾದರೆ ಮತ್ತೆ ಒಂದರಿಂದ" ಎಂದು ಗೋಡೆಗೆ ಹಾಕಿದ್ದ ಹಲಗೆಯನ್ನು ನಾನೇ ಸ್ಟೂಲ್ ಹತ್ತಿ ಇಳಿಸಿದೆ. ನಾಲ್ಕು ಜಿಲ್ಲೆಗಳ ಹುಡುಗಿಯರಿಗೆ ತರಬೇತಿ ಕೊಟ್ಟೆ. ಕಂಪನಿಯ ವಿಡಿಯೋದಲ್ಲಿ ಬಿಳಿ ಕೋಟು ಹಾಕಿಕೊಂಡು, ಕೊಂಡಿ ನನ್ನ ಎಣಿಕೆಯನ್ನು ಒಮ್ಮೆಯೂ ತಪ್ಪಿಸಿಲ್ಲ ಎಂದು ಹೇಳಿದೆ. ಯಾರೂ ಹೇಳಿಕೊಟ್ಟ ಮಾತಲ್ಲ ಅದು, ನನ್ನ ಮನಸ್ಸಿನದೇ.

ಕೊಂಡಿ ಬಂದು ಹನ್ನೊಂದು ತಿಂಗಳಾಗಿತ್ತು. ಬೆಟಗೇರಿಯಲ್ಲಿ ಬಳೆ ಮಾರುವ ಹುಲಿಗೆವ್ವ ಎಂಬ ಹೆಂಗಸು ವಿಪರೀತ ಹೊಟ್ಟೆನೋವು ಎಂದು ಬಂದಳು. ಏಳು ವಾರದ ಹಿಂದೆ ನಮ್ಮಲ್ಲೇ ಅವಳಿಗೆ ಕರುಳಿನ ಆಪರೇಷನ್ ಆಗಿತ್ತು. ಮತ್ತೆ ಹೊಟ್ಟೆ ತೆರೆಯಬೇಕಾಯಿತು. ಕೊಳೆತ ಕರುಳಿನ ನಡುವಿನಿಂದ ಅಬ್ಬಿಗೇರಿ ಸರ್ ಚಿಮುಟದಲ್ಲಿ ಒಂದು ಬಟ್ಟೆಯನ್ನು ಎತ್ತಿದರು. ಥಿಯೇಟರಿನಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. ನಾನು ಆ ಬಟ್ಟೆಯನ್ನು ನೋಡಿದೆ.

"ಇದು ನಮ್ಮದಲ್ಲ ಸರ್" ಎಂದೆ.

ನಾಚಿಕೆ ಬಿಟ್ಟು ಸುಳ್ಳು ಹೇಳುತ್ತಿದ್ದಾಳೆ ಎಂದು ಅವರಿಗೆ ಅನ್ನಿಸಿರಬೇಕು. ನಾನು ಸುಳ್ಳು ಹೇಳಿರಲಿಲ್ಲ. ಏಳು ವಾರದ ಹಿಂದೆ ಹದಿನೈದು ಮಾಪ್ ಒಳಗೆ ಹೋಗಿದ್ದವು, ಹದಿನೈದೂ ಹೊರಗೆ ಬಂದಿದ್ದವು. ಎಂಟಾದ ಮೇಲೆ ಅರಿವಳಿಕೆಯ ಡಾಕ್ಟರು ರಕ್ತ ಕೇಳಿದ್ದು, ನಾನು ಫೋನ್ ಮಾಡಿ ಬಂದದ್ದು, ಒಂಬತ್ತನೆಯದು ಟ್ರೇಗೆ ಬಿದ್ದದ್ದು, ಎಲ್ಲ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ಆ ದಿನದ ಕಾಗದದಲ್ಲಿ ನನ್ನ ಸಹಿಯೂ ಇತ್ತು.

ನನ್ನನ್ನು ಕೆಲಸದಿಂದ ದೂರ ಇಟ್ಟರು. ವಿಚಾರಣಾ ಸಮಿತಿ ನೇಮಕವಾಯಿತು. ತಪ್ಪು ನನ್ನದೇ ಎಂದಾದರೆ ನರ್ಸ್ ಎಂಬ ನೋಂದಣಿಯೇ ರದ್ದು. ಹುಬ್ಬಳ್ಳಿಯ ಕಂಪನಿಯ ಪರವಾಗಿ ಮಾಲಾ ಬಂದು ಹೇಳಿಕೆ ಕೊಡುತ್ತಾಳೆ ಎಂದು ತಿಳಿದಾಗ ನನಗೆ ಅರ್ಧ ಜೀವ ಬಂದಂತಾಯಿತು.

ಮನೆಯಲ್ಲಿ ಕೂತರೂ ಕೊಂಡಿ ತೆಗೆದಿರಲಿಲ್ಲ. ಸದಾ ಹಾಕಿಕೊಂಡಿದ್ದರೆ ನಿಮ್ಮನ್ನು ಚೆನ್ನಾಗಿ ಕಲಿಯುತ್ತದೆ ಎಂದು ಕಂಪನಿಯವರೇ ಹೇಳಿದ್ದರು. ಒಂದು ಸಂಜೆ ಹಾಲು ಕಾಸಿ ಆರಿಸಿ ಹೆಪ್ಪು ಹಾಕಲು ನಿಂತಾಗ ಆಸ್ಪತ್ರೆಯ ಆಫೀಸಿನಿಂದ ಫೋನ್ ಬಂತು. ಮಾತನಾಡಿ ಬಂದು ಪಾತ್ರೆ ಮುಚ್ಚಿಟ್ಟೆ. ಮರುದಿನ ಮುಂಜಾನೆ ನನ್ನ ಗಂಡ ಫಕೀರೇಶ ಮುಚ್ಚಳ ತೆಗೆದು ನೋಡಿದರು.

"ಹೆಪ್ಪ ಹಾಕಿಲ್ಲೇನ್ ನೀ? ಹಾಲು ಹಾಲ ಐತಿ."

"ಹಾಕೇನ್ರೀ. ಥಂಡಿಗೆ ಹೆಪ್ಪುಗಟ್ಟಿರಾಕಿಲ್ಲ."

"ಎಲ್ಲೀ ಥಂಡಿ, ಬೆವರು ಸುರ್ಯಾಕತ್ತೇತಿ."

"ಹಾಕೇನಿ ಅಂದ್ರ ಹಾಕೇನಿ. ಚಮಚಾ ಹಾಕಿ ತಿರುವೀನಿ."

ಅವರು ಹೆಪ್ಪಿಗೆಂದು ತೆಗೆದಿಟ್ಟಿದ್ದ ಮೊಸರಿನ ಬಟ್ಟಲನ್ನು ತಂದು ನನ್ನ ಮುಂದೆ ಹಿಡಿದರು. ಮೇಲಿನ ಕೆನೆ ಕದಡಿರಲಿಲ್ಲ. ಬೆರಳಿಟ್ಟು ನೋಡಿದೆ, ಚಮಚ ಇಳಿದ ಗುರುತೇ ಇಲ್ಲ. ಚಮಚ ಪಾತ್ರೆಯ ಅಂಚಿಗೆ ತಾಗಿದ ಸದ್ದು ಮಾತ್ರ ನನ್ನ ಕಿವಿಯಲ್ಲಿ ಹಾಗೇ ಇತ್ತು.

"ನಾ ಹಾಕೇನ್ರೀ" ಎಂದೆ ಮತ್ತೊಮ್ಮೆ. ಆ ಮಾತು ಬಾಯಿಂದ ಬಿದ್ದಾಗ ನನಗೇ ಹೆದರಿಕೆಯಾಯಿತು.

ಫಕೀರೇಶ ಬಡಿಗತನದವರು, ಬಾಗಿಲು ಚೌಕಟ್ಟು ಮಾಡುವವರು. ಬಟ್ಟಲನ್ನು ಕೆಳಗಿಟ್ಟು ನನ್ನ ಎದುರು ಕೂತರು. "ಅಳತಿ ಹಿಡಿದಾಗ ಯಾರರ ಮಾತಾಡ್ಸಿದ್ರ ನಾ ಮತ್ತ ಹಿಡೀತೀನಿ. ಯಾಕ? ಮನಸಿನ್ಯಾಗ ಸಂಶೇ ಬರತೈತಿ. ನಿನಗ ಸಂಶೇನ ಬರವಲ್ದಲ್ಲ ಕಸ್ತೂರಿ. ಅದನ್ನ ಕಿವಿಯಿಂದ ತಗಿ ಮೊದಲ."

ತೆಗೆದೆ. ಅದೇ ದಿನ ಹುಬ್ಬಳ್ಳಿ ಬಸ್ ಹತ್ತಿದೆ.

ಕಂಪನಿಯ ಕ್ಯಾಂಟೀನಿನಲ್ಲಿ ಮಾಲಾ ಚಹಾ ತರಿಸಿದಳು. ನಾನು ಮೊಸರಿನ ಬಟ್ಟಲಿನ ಕತೆ ಹೇಳಿದೆ. ಅವಳು ನಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ.

"ನಿನಗ ಗೊತ್ತಿತ್ತು" ಎಂದೆ.

ಅವಳು ಕಪ್ಪನ್ನು ಪಕ್ಕಕ್ಕೆ ಸರಿಸಿದಳು. "ಜಾಗಾ ಹಿಡಿಯಾಕ ಎರಡು ವರ್ಷ ಒದ್ದಾಡಿದ್ವಿ ಕಸ್ತೂರಿ. ಎಣಿಕಿ ಎಲ್ಲಿ ನಿಂತೈತಿ ಅನ್ನೋದು ಮೆದುಳಿನ್ಯಾಗ ಹತ್ತು ಕಡೆ ಹರಡಿರತೈತಿ, ಕೈಗೆ ಸಿಗೂದಿಲ್ಲ. ಖಾತ್ರಿ ಅನ್ನೋದು ಮಾತ್ರ ಸಿಕ್ತು. ಅದನ್ನ ಹಿಡದು ವಾಪಸ್ ಕೊಡಬಹುದಿತ್ತು. ಖಾತ್ರಿ ಕೊಟ್ರ ಮನಸು ತಾನ ಒಂದು ಅಂಕಿ ಹುಡುಕಿ ಅದಕ್ಕ ಜೋಡಸ್ತೈತಿ."

"ಅಂದ್ರ ಟವೆಲ್ ಹಾಕಲೇ ಇಲ್ಲ ನೀ."

"ಬಹಳ ಸಲ ಅಂಕಿ ಸರಿನ ಇರತೈತಿ."

"ಯಾವಾಗರ ಒಮ್ಮೆ?"

"ಪ್ರಯೋಗದಾಗ ಮೂವತ್ತು ಮಂದೀನ ಕುಂದರಿಸಿದ್ವಿ. ನಾಲ್ಕು ಎಣಿಕಿ ತಪ್ಪಿದ್ವು. ತಪ್ಪಿದವ್ರಿಗೆ ಗೊತ್ತಾಗಲಿಲ್ಲ. ಹಿಂದಕ ಹೋಗಿ ಎಣಿಸೂದು ಎಷ್ಟು ಕಡಿಮಿ ಆತು ಅಂತ ಅಷ್ಟ ನೋಡಿ, ಕಂಪನ್ಯಾವ್ರು ಪಾಸು ಅಂತ ಬರದ್ರು. ಆ ಹಾಳಿ ನನ್ನ ಹತ್ರ ಐತಿ."

ನನಗೆ ಇನ್ನೊಂದು ಕೇಳಬೇಕಿತ್ತು. "ಯಾರ ಖಾತ್ರಿ ಅದು ಮಾಲಾ? ಎಲ್ಲಾರ ಕಿವಿಗೆ ಹಾಕೀರಲ್ಲ, ಎಲ್ಲಿಂದ ತಂದ್ರಿ?"

"ನಿಂದ" ಎಂದಳು. "ಆವತ್ತು ಲ್ಯಾಬಿನ್ಯಾಗ ನೀ ಖಾತ್ರಿ ಅಂದಾಗೆಲ್ಲ ಹಿಡದಿಟ್ಕೊಂಡಿದ್ದೆ. ನೂರು ಮಂದೀದು ತಗೊಂಡು ನೋಡಿದ್ವಿ. ನಿನ್ನಷ್ಟು ಗಟ್ಟಿ ಬ್ಯಾರೆ ಯಾರದೂ ಇರಲಿಲ್ಲ."

ಕೊಂಡಿ ಹಾಕಿಕೊಂಡಿದ್ದ ಆರು ಸಾವಿರ ನರ್ಸುಗಳ ಕಿವಿಯ ಹಿಂದೆ ನಾನು ಕೂತಿದ್ದೆ. ಇಪ್ಪತ್ತೆರಡು ವರ್ಷ ಮೈಯೆಲ್ಲ ಕಣ್ಣಾಗಿ, ಹಸಿದು ನಿಂತು, ಒಂದರಿಂದ ಮತ್ತೆ ಒಂದರಿಂದ ಎಣಿಸಿ ಗಳಿಸಿದ್ದು ನನ್ನ ಖಾತ್ರಿ. ಎಣಿಸದೆಯೇ ಸಿಗುವಂತೆ ಅದನ್ನು ನನ್ನ ಗೆಳತಿ ಕದ್ದು ಹಂಚಿದ್ದಳು.

"ಹುಲಿಗೆವ್ವಂದು ಎಣಿಸಿದ್ದು ತಪ್ಪು ಅಂತ ನನ್ನ ಮನಸಿಗೆ ಈಗೂ ಅನಸವಲ್ದು. ಕೊಂಡಿ ತಗದು ಒಗದ್ರೂ ಅನಸವಲ್ದು. ಇದು ಯಾವಾಗ ಹೋಗತೈತಿ?"

"ಹೋಗೂದಿಲ್ಲ" ಎಂದಳು ಸಣ್ಣ ದನಿಯಲ್ಲಿ. "ಒಮ್ಮೆ ಒತ್ತಿದ ಅಚ್ಚು ನೆನಪಿನ್ಯಾಗ ಕೂಡತೈತಿ. ಕೊಂಡಿ ತಗದ್ರ ಹೊಸಾದು ಒತ್ತೂದಿಲ್ಲ, ಅಷ್ಟ."

ನಾನು ಏಳುವಷ್ಟರಲ್ಲಿ ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. "ಶುಕ್ರವಾರ ವಿಚಾರಣಿಯೊಳಗ ನಾನ ಎಲ್ಲಾ ಹೇಳ್ತೀನಿ. ಆ ಹಾಳಿ ತರ್ತೀನಿ. ನೌಕರಿ ಹೋದ್ರ ಹೋಗ್ಲಿ. ನೀ ಚಿಂತಿ ಮಾಡಬ್ಯಾಡ."

ನಂಬಿದೆ. ಒಂಬತ್ತು ವರ್ಷ ಅವಳ ಮಾತಿನ ಮೇಲೆ ಮಂದಿಯ ಹೊಟ್ಟೆ ಹೊಲಿಸಿದ್ದೇನೆ, ನಂಬದೆ ಇನ್ನೇನು ಮಾಡಲಿ?

ಶುಕ್ರವಾರ ಆಸ್ಪತ್ರೆಯ ಸಭಾಕೊಠಡಿಯಲ್ಲಿ ಮೂವರು ಸದಸ್ಯರು ಕೂತಿದ್ದರು. ಅಧ್ಯಕ್ಷೆ ಒಬ್ಬ ನಿವೃತ್ತ ಸರ್ಜನ್, ಕಟ್ಟುನಿಟ್ಟಿನ ಹೆಂಗಸು ಎಂದು ಹೆಸರು. ಮೊದಲು ಮಾಲಾಳನ್ನು ಕರೆದರು. ಅವಳು ನೀಲಿ ರೇಷ್ಮೆ ಸೀರೆ ಉಟ್ಟು ಬಂದಿದ್ದಳು, ಕೈಯಲ್ಲಿ ಒಂದು ಫೈಲು. ಆ ಫೈಲು ನೋಡಿ ನನಗೆ ಸಮಾಧಾನವಾಯಿತು.

"ನಿಮ್ಮ ಉಪಕರಣದಿಂದ ಎಣಿಕೆ ತಪ್ಪುವ ಸಾಧ್ಯತೆ ಇದೆಯೇ?" ಎಂದು ಅಧ್ಯಕ್ಷೆ ಕೇಳಿದರು.

"ಇಲ್ಲ ಮೇಡಂ" ಎಂದಳು ಮಾಲಾ. "ಕೊಂಡಿ ಎಣಿಸುವುದಿಲ್ಲ. ಎಣಿಸುವುದು ನರ್ಸ್. ಅನುಮಾನ ಬಂದರೆ ಮತ್ತೆ ಒಂದರಿಂದ ಎಣಿಸಿ ಎಂದು ನಮ್ಮ ಕೈಪಿಡಿಯಲ್ಲೇ ಬರೆದಿದ್ದೇವೆ."

"ನಿಮ್ಮ ಪ್ರಯೋಗಗಳಲ್ಲಿ ಇಂಥ ತಪ್ಪು ಕಂಡಿತ್ತೇ?"

ನಾನು ಕುರ್ಚಿಯ ತುದಿಗೆ ಬಂದೆ. ಮಾಲಾ ಫೈಲು ತೆರೆದಳು.

"ಕಂಡಿಲ್ಲ" ಎಂದಳು. "ಬದಲಿಗೆ ಆ ದಿನ ಸಿಸ್ಟರ್ ಕಸ್ತೂರಿ ಬಡಿಗೇರ ಅವರ ಕೊಂಡಿಯ ದಾಖಲೆ ಇಲ್ಲಿದೆ. ಎಣಿಕೆ ಮುಗಿದಾಗ ಅವರಿಗೆ ಪೂರ್ತಿ ಖಾತ್ರಿ ಇತ್ತು. ಅಷ್ಟು ಖಾತ್ರಿ ಇದ್ದವರು ಮತ್ತೆ ಎಣಿಸಲಿಲ್ಲ. ಅದು ಅವರ ನಿರ್ಧಾರ."

ನಾನು ಅವಳ ಕಿವಿಯ ಹಿಂದೆ ನೋಡಿದೆ. ತುರುಬು ಎತ್ತಿ ಕಟ್ಟಿದ್ದಳು, ಚೆನ್ನಾಗಿ ಕಾಣುತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಯಂತ್ರ ನುಡಿಸಿದ ಮಾತಾಗಿದ್ದರೆ ನಾನು ಹೇಗಾದರೂ ತಡೆದುಕೊಳ್ಳುತ್ತಿದ್ದೆ. ಅವಳು ಎಲ್ಲ ತಿಳಿದು, ತನ್ನ ಸ್ವಂತ ಬಾಯಿಂದ, ನನ್ನ ಕುತ್ತಿಗೆ ಕೊಯ್ದಳು.

ನನ್ನ ಸರದಿ ಬಂತು.

"ಸಿಸ್ಟರ್, ನೀವು ಹದಿನೈದೂ ಎಣಿಸಿದಿರಾ? ಹೌದು ಅಥವಾ ಇಲ್ಲ ಅನ್ನಿ."

ಇಲ್ಲ ಎಂದರೆ ಎಣಿಸದೆ ಸಹಿ ಮಾಡಿದವಳು. ಹೌದು ಎಂದರೆ ತಪ್ಪು ಎಣಿಸಿದವಳು. ಎರಡೂ ಕಡೆ ನಾನೇ ಸಿಕ್ಕಿಕೊಳ್ಳುತ್ತಿದ್ದೆ, ಕೊಂಡಿ ಎಲ್ಲೂ ಸಿಕ್ಕಿಕೊಳ್ಳುತ್ತಿರಲಿಲ್ಲ.

"ಮೇಡಂ, ನಾ ಹದಿನೈದು ಎಣಿಸಿದ್ದು ನನಗ ಚೊಲೋ ನೆನಪೈತ್ರೀ" ಎಂದೆ. "ಆ ನೆನಪು ಸುಳ್ಳು. ಕೊಂಡಿ ಅದನ್ನ ನನ್ನ ತಲಿಯೊಳಗ ಅಚ್ಚು ಒತ್ತೇತಿ. ಇವತ್ತು ಇನ್ನೂ ಎಷ್ಟೋ ಥಿಯೇಟರಿನ್ಯಾಗ ಹಿಂಗ ಒತ್ತಾಕತ್ತೇತಿ."

ಪಕ್ಕದಲ್ಲಿ ಹೇಳಿಕೆ ಟೈಪ್ ಮಾಡುತ್ತಿದ್ದ ಗುಮಾಸ್ತ ನನ್ನ ಮೊದಲ ವಾಕ್ಯ ಮುಗಿಸಿ ಕೈ ನಿಲ್ಲಿಸಿದ್ದ. ಅಧ್ಯಕ್ಷೆ ಕನ್ನಡಕ ತೆಗೆದರು. "ಉಳಿದದ್ದಕ್ಕೆ ಸಾಕ್ಷಿ ಯಾರು?"

ನಾನು ಮಾಲಾಳ ಕಡೆ ನೋಡಿದೆ. ಕೊಠಡಿಯಲ್ಲಿದ್ದವರೆಲ್ಲ ಅವಳ ಕಡೆ ನೋಡಿದರು. ಅವಳು ಫೈಲಿನ ದಾರ ಕಟ್ಟುವುದರಲ್ಲಿ ಮಗ್ನಳಾಗಿದ್ದಳು, ತಲೆ ಎತ್ತಲಿಲ್ಲ. ಮೊದಲ ವಾಕ್ಯದ ಕೆಳಗೆ ನನ್ನ ಸಹಿ ತೆಗೆದುಕೊಂಡರು.

ಹೊರಗೆ ಬಂದವಳು ನೇರವಾಗಿ ವಾರ್ಡಿಗೆ ಹೋದೆ. ಹುಲಿಗೆವ್ವನನ್ನು ಕಾಣಬೇಡಿ, ಅಲ್ಲಿ ಆಡಿದ ಮಾತು ನಿಮಗೇ ಮುಳುವಾಗುತ್ತದೆ ಎಂದು ಎಲ್ಲರೂ ಎಚ್ಚರಿಸಿದ್ದರು. ನೋಂದಣಿ ಹೇಗೂ ಹೋಯಿತು, ಇನ್ನೇನು ಮುಳುವು? ಸತ್ಯ ಕೇಳಬೇಕಾದವಳು ಅವಳೊಬ್ಬಳೇ. ತಪ್ಪೊಪ್ಪಿಕೊಂಡರೆ ನನ್ನ ಎದೆಯ ಭಾರವಾದರೂ ಇಳಿದೀತು ಎಂದುಕೊಂಡಿದ್ದೆ.

ಹುಲಿಗೆವ್ವ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ಮೊಣಕೈವರೆಗೆ ಬಳೆ ತೊಟ್ಟು ತಿರುಗುತ್ತಿದ್ದವಳ ಕೈ ಬರಿದಾಗಿತ್ತು, ಮಣಿಕಟ್ಟಿನಲ್ಲಿ ಸಲೈನ್ ಸೂಜಿ. ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಕೊಂಡಿಯ ವಿಷಯ ಅವಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಬಟ್ಟೆಯ ವಿಷಯ ತಿಳಿಯಿತು.

"ಎಣಿಸಿದಾಕಿ ನಾನ ಯವ್ವಾ. ತಪ್ಪು ನಂದು. ಕ್ಷಮಾ ಮಾಡು" ಎಂದೆ.

ಊರ ಹೆಂಗಸರ ಕೈ ಹಿಡಿದು, ಮುಖ ನೋಡುತ್ತ, ನೋವಾಯಿತೋ ಇಲ್ಲವೋ ತಿಳಿದುಕೊಂಡು ಬಳೆ ಏರಿಸುತ್ತಿದ್ದವಳು ಅವಳು. ನನ್ನ ಮುಖವನ್ನೂ ಹಾಗೆಯೇ ದಿಟ್ಟಿಸಿದಳು.

"ಬಾಯಿಲೆ ಅಂತೀರಿ ಅಕ್ಕಾರ" ಎಂದಳು. "ಮಾರಿ ಮ್ಯಾಲ ಇಲ್ಲಲ್ರೀ."

ಅತ್ತುಬಿಡಬೇಕೆಂದು ಪ್ರಯತ್ನಪಟ್ಟೆ. ಬರಲಿಲ್ಲ. ಅವಳ ಹೊಟ್ಟೆಯ ಮೇಲೆ ಅಷ್ಟಗಲದ ಬ್ಯಾಂಡೇಜು, ಅದರಡಿ ಇರುವುದು ನನ್ನ ಕೈಯ ತಪ್ಪು ಎಂದು ಬುದ್ಧಿ ಬಡಿದು ಬಡಿದು ಹೇಳುತ್ತಿತ್ತು. ಒಳಗೆ ಒಂಬತ್ತನೆಯ ಮಾಪ್ ಟ್ರೇಗೆ ಬಿದ್ದದ್ದು ಕಾಣುತ್ತಲೇ ಇತ್ತು. ಹದಿನೈದೂ ಹೊರಗೆ ಬಂದಿದ್ದವು. ನಾನು ತಪ್ಪು ಮಾಡಿದವಳಲ್ಲ ಎಂಬ ಆ ನೆಮ್ಮದಿ ತುಸುವೂ ಅಲುಗಾಡಲಿಲ್ಲ. ಮಾಲಾ ನನ್ನ ನೌಕರಿ ಕಳೆದದ್ದನ್ನು, ನನ್ನ ಹೆಸರು ಕೆಡಿಸಿದ್ದನ್ನು ಎಂದಾದರೊಂದು ದಿನ ಮರೆತೇನು. ಈ ಹೆಂಗಸಿನ ಮುಂದೆ ಪಶ್ಚಾತ್ತಾಪ ಪಡುವುದಕ್ಕೂ ನನಗೆ ಏನನ್ನೂ ಉಳಿಸಿರಲಿಲ್ಲ ಅವಳು.

ಹುಲಿಗೆವ್ವ ಇನ್ನಷ್ಟು ಹೊತ್ತು ಕಾದಳು. ಆಮೇಲೆ ಸಲೈನ್ ನಳಿಕೆಯನ್ನು ಸರಿಸಿಕೊಂಡು ಗೋಡೆಯ ಕಡೆ ಹೊರಳಿ ಮಲಗಿದಳು.